ವಾಮನಣ್ಣನ ಬೋರ್ಡುಗಳಿದ್ದ ನಕ್ಷೆ

ವಾಮನಣ್ಣನಿಗೆ ತಮ್ಮ ಕೈಬರಹದ ಮೇಲಿದ್ದ ಜಂಬ ಅಷ್ಟಿಷ್ಟಲ್ಲ. ಉಡುಪಿಯಿಂದ ಅಹಮದಾಬಾದಿಗೆ ಬಂದು ಮೂವತ್ತು ವರ್ಷ ಅಂಗಡಿ ಬೋರ್ಡು ಬರೆದವರು. ೨೦೦೯ರಲ್ಲಿ ಏಣಿಯಿಂದ ಬಿದ್ದು ಸೊಂಟ ಮುರಿಯಿತು. ಅಂದಿನಿಂದ ವಸ್ತ್ರಾಪುರದ ನನ್ನ ಡಿಟಿಪಿ ಅಂಗಡಿಯ ಹಿಂದಿನ ತಮ್ಮ ಮನೆಯಿಂದ ನನ್ನ ಅಂಗಡಿಯ ಕುರ್ಚಿಯವರೆಗೆ, ಅಷ್ಟೇ ಅವರ ಓಡಾಟ.

ಮನೆ ನಡೆಯುತ್ತಿದ್ದದ್ದು ಹೆಂಡತಿ ಜಯಕ್ಕನ ದುಡಿಮೆಯಿಂದ. ಕನ್ನಡದವರ ಮನೆಗಳಲ್ಲಿ ಬಾಣಂತಿಗೆ, ಕೂಸಿಗೆ ಎಣ್ಣೆ ಹಚ್ಚಿ ಮೀಯಿಸುವ ಕೆಲಸ. ಎರಡು ವರ್ಷ ಹತ್ತಿರದ ಮನೆಗಳೇ ಸಿಕ್ಕಿದ್ದವು. ಆಮೇಲೆ ಆಚೆಯ ಬಡಾವಣೆ ಬೋಡಕ್‌ದೇವ್‌ನಿಂದ ಕರೆ ಬಂತು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬರಬೇಕು, ತಪ್ಪಿದರೆ ಬೇರೆಯವರನ್ನು ನೋಡುತ್ತೇವೆ ಅಂದಿದ್ದರು. ಮೊದಲೆಲ್ಲ ಸ್ಕೂಟರಿನಲ್ಲಿ ಬಿಡಲು ಗಂಡ ಇದ್ದರು. ಈಗ ಯಾರು? ಜಯಕ್ಕನಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬಾರದು.

ಒಬ್ಬ ಬಾಣಂತಿಯ ಗಂಡ ಕೊಟ್ಟ ಹಳೆಯ ಸ್ಮಾರ್ಟ್‌ಫೋನ್ ಅವರ ಹತ್ತಿರ ಇತ್ತು. ಅದರಲ್ಲಿ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಚಿತ್ರ ಬರುತ್ತಿತ್ತು.

"ಊರ್ಮಿಳಾ, ಕನ್ನಡದಲ್ಲಿ ನಕ್ಷೆ ಬರೆದು ಅದರ ಚಿತ್ರ ಹಾಕಿದ್ರೆ ಆಯ್ತಲ್ವಾ ಮಾರಾಯ್ತಿ?" ಅಂದರು ವಾಮನಣ್ಣ.

ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಬಣ್ಣಬಣ್ಣದ ನಕ್ಷೆ ಬಂತು. ನಾಲ್ಕು ಸಲ ಸ್ಕ್ಯಾನ್ ಮಾಡಿ ಜೋಡಿಸಿದೆ. ಫೋನಿಗೆ ಹಾಕಿದರೆ ಅದು ತೆರೆಯಲೇ ಇಲ್ಲ. ಕುಗ್ಗಿಸಿದರೆ ಅಕ್ಷರಗಳೆಲ್ಲ ಇರುವೆ ಸಾಲು. "ಬೋರ್ಡಲ್ಲ ಇದು ವಾಮನಣ್ಣ, ಎರಡು ಬೆರಳಗಲದ ಪರದೆ!" ಎಂದು ರೇಗಿದೆ. ಕೊನೆಗೆ ಹನ್ನೆರಡು ತುಂಡು ಮಾಡಿ, ಜಯಕ್ಕ ನಡೆಯುವ ಕ್ರಮದಲ್ಲೇ ಒಂದೊಂದಕ್ಕೂ ನಂಬರು ಕೊಟ್ಟೆ; ನಿಧಾನಕ್ಕಾದರೂ ಅವು ತೆರೆದುಕೊಂಡವು.

ಗುರುತುಗಳು ಮಾತ್ರ ಎಲ್ಲ ಅವರದ್ದೇ. ತಾವು ಬರೆದ ಹಲ್ಲಿನ ಚಿತ್ರದ ಬೋರ್ಡಿನ ಹತ್ತಿರ ಬಲಕ್ಕೆ, ತಾವು ಬರೆದ ಗಡಿಯಾರದ ಚಿತ್ರದ ಬೋರ್ಡು ದಾಟಿ ಎಡಕ್ಕೆ. ಆ ಬೋರ್ಡುಗಳು ಹೋಗಿ ಅಲ್ಲೆಲ್ಲ ಫ್ಲೆಕ್ಸ್ ಬಂದದ್ದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಏನು, ಎರಡು ಫ್ಲೆಕ್ಸನ್ನು ನಾನೇ ಮಾಡಿಕೊಟ್ಟಿದ್ದೆ. ಹೇಳಲು ಬಾಯಿ ಬರಲಿಲ್ಲ. ರಸ್ತೆಗಳಂತೂ ಸರಿ ಇವೆ, ಜಯಕ್ಕ ಹೇಗೋ ಹುಡುಕಿಯಾರು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ!

ಮೊದಲ ದಿನವೇ ಜಯಕ್ಕ ಮುಟ್ಟಿದಾಗ ಒಂಬತ್ತು. ಅಷ್ಟರಲ್ಲಿ ಪಕ್ಕದ ಬೀದಿಯ ಹೆಂಗಸೊಬ್ಬಳು ಕೂಸನ್ನು ಮೀಯಿಸಿ ಆಗಿತ್ತು. ನಾಳೆಯೂ ತಡವಾದರೆ ಅವಳನ್ನೇ ಇಟ್ಟುಕೊಳ್ಳುತ್ತೇವೆ ಎಂದು ಮನೆಯವರು ಹೇಳಿ ಕಳಿಸಿದರು.

ಜಯಕ್ಕ ನೇರ ನನ್ನ ಅಂಗಡಿಗೆ ಬಂದರು. ಗಂಡ ಅಲ್ಲೇ ಕೂತಿದ್ದರು.

"ರೀ, ನಿಮ್ಮ ಹಲ್ಲಿನ ಬೋರ್ಡು ಇಲ್ಲ. ಗಡಿಯಾರದ್ದೂ ಇಲ್ಲ. ನೀವು ಬರೆದದ್ದು ಒಂದೂ ಕಾಣ್ಲಿಲ್ಲ."

ವಾಮನಣ್ಣ ಹೆಂಡತಿಯ ಮುಖ ನೋಡಿದರು, ಆಮೇಲೆ ನನ್ನ ಮುಖ. ನಾನು ತಲೆ ತಗ್ಗಿಸಿದೆ. ಅಷ್ಟಕ್ಕೇ ಅವರಿಗೆ ಎಲ್ಲ ತಿಳಿಯಿತು. ನಾಚಿಕೆಯಿಂದ ಸತ್ತೇ ಹೋದೆ.

"ಈಗ ಅಲ್ಲಿ ಎಂತ ಉಂಟು, ಅದನ್ನು ಹೇಳು" ಎಂದು ಹೆಂಡತಿಯನ್ನು ಕೇಳಿದರು. ಬೇವಿನ ಮರ, ನೀರಿನ ಟ್ಯಾಂಕು, ಹಸಿರು ಗೇಟು ಎಂದು ಜಯಕ್ಕ ನೆನಪು ಮಾಡಿಕೊಂಡು ಹೇಳಿದರು. ನನ್ನ ಕಂಪ್ಯೂಟರಿನ ಪರದೆಯ ಮೇಲೆ ವಾಮನಣ್ಣನೇ ಬೆರಳಿಟ್ಟು ತೋರಿಸಿದ ಹಾಗೆ ಒಂದೊಂದೇ ಬೋರ್ಡು ಅಳಿಸಿದೆ, ಆ ಜಾಗದಲ್ಲಿ ಒಂದೊಂದೇ ಪದ ಹಾಕಿದೆ. ಬಣ್ಣಗಳೂ ಹೋದವು. ಫೋನಿಗೆ ಹಾಕಿದ ಕೂಡಲೇ ತುಂಡುಗಳು ತೆರೆದುಕೊಂಡವು.

"ಫೈಲ್ ಹಗುರ ಆಯ್ತು ವಾಮನಣ್ಣ" ಅಂದೆ, ಏನಾದರೂ ಹೇಳಬೇಕಲ್ಲ ಎಂದು.

"ಆಗದೆ ಎಂತ? ಮೂವತ್ತು ವರ್ಷ ತೆಗೆದದ್ದಲ್ವಾ" ಅಂದರು.

ಮರುದಿನ ಏಳಕ್ಕೆ ಐದು ನಿಮಿಷವಿರುವಾಗಲೇ ಜಯಕ್ಕ ಬೋಡಕ್‌ದೇವ್‌ನ ಆ ಮನೆಯ ಗಂಟೆ ಒತ್ತಿದರು.