ಮಳೆಗೆ ಮಾಸುವ ಪುಟ

ನಮ್ಮೂರು ಬೆಲಿ ಬ್ರೋಡಿನ ಹಳೆಯ ಅಡುಗೆಮನೆಗಳ ಗೋಡೆಯಲ್ಲಿ ಈಗಲೂ ಒಂದು ಬಿಳಿಯ ಚೌಕ ಕಾಣುತ್ತದೆ. ಸುತ್ತಲಿನ ಸುಣ್ಣ ಹೊಗೆಗೆ ಕಂದಿದ್ದರೂ ಅಷ್ಟು ಜಾಗ ಮಾತ್ರ ಕಂದಿಲ್ಲ. ಒಂದು ಕಾಲಕ್ಕೆ ಅಲ್ಲಿ ತಂತಿ ರೇಡಿಯೋದ ಪೆಟ್ಟಿಗೆ ಇತ್ತು. ಅದಕ್ಕೆ ಇದ್ದದ್ದು ಒಂದೇ ಗುಂಡಿ, ಅದರಿಂದ ಬರುತ್ತಿದ್ದ ಊರಿನ ಸುದ್ದಿಗೆ ಒಂದೇ ದನಿ. ಅದು ವೆಲ್ಚೋನ ದನಿ. ಯಾವ ಬೀದಿಗೆ ನಲ್ಲಿ ನೀರು ನಿಲ್ಲುತ್ತದೆ, ದ್ರಾಕ್ಷಿ ತೂಕ ಎಲ್ಲಿ, ಯಾರ ಮೇಕೆ ತಪ್ಪಿಸಿಕೊಂಡಿದೆ ಎಂಬುದನ್ನೆಲ್ಲ ಊರಿನವರು ಓದಲು, ಸಭೆ ಸೇರಲು ಬರುವ ಓದುಮನೆಯ ಮಹಡಿಯಲ್ಲಿ ಕೂತು ಅವನು ಊರಿಗೆ ಹೇಳುತ್ತಿದ್ದ. ಅವನ ಗೆಳೆಯ ಲಾಲ್ಯು ಕಂಬ ಹತ್ತಿ ತಂತಿ ನೋಡಿಕೊಳ್ಳುತ್ತಿದ್ದ.

ತಂತಿ ರೇಡಿಯೋ ಮುಚ್ಚಿದಾಗ ಊರೆಲ್ಲ ಮರುಗಿತು. ವೆಲ್ಚೋ ಮಾತ್ರ ಮರುಗಲಿಲ್ಲ. ಮೈಕನ್ನು ಮೃದುವಾದ ಬಟ್ಟೆಯಲ್ಲಿ ಸುತ್ತಿಟ್ಟು, ಮರುವಾರವೇ ಹಳೆಯ ಕಂಪ್ಯೂಟರೊಂದನ್ನು ತಂದು ಅದೇ ಮೇಜಿನ ಮೇಲೆ ಕೂರಿಸಿದ. ಅಂದಿನಿಂದ ಅಂತರ್ಜಾಲದಲ್ಲಿ ಹೊಸದೇನು ಹುಟ್ಟಿದರೂ ಅದು ತನ್ನ ಮನೆಯ ಕೂಸೆಂಬಂತೆ ಹಿಗ್ಗುತ್ತಾನೆ. ಪ್ರತಿ ಗುರುವಾರ ಸಂಜೆ ನಮ್ಮ ಓದುಮನೆಯಲ್ಲಿ ಧಾನ್ಯ ಹುಳಿಸಿದ ಬೋಝಾ ಕುಡಿಯುತ್ತ ಆ ವಾರದ ಹೊಸತನ್ನು ನಮಗೆ ಬಿಡಿಸಿ ಹೇಳುತ್ತಾನೆ. ಪುಸ್ತಕ ನೋಡಿಕೊಳ್ಳುವವಳು ನಾನು, ಆದ್ದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

"ಬರಹ ಗಿಡ್ಡ ಆಗ್ತಿದೆ. ಅಡ್ಡ ಮಲಗಿದ್ದ ವಿಡಿಯೋ ಫೋನಿನಲ್ಲಿ ಎದ್ದು ನಿಂತಿದೆ. ಇನ್ನು ದನಿ ವಾಪಸ್ ಬರತ್ತೆ, ನೋಡ್ತಿರಿ," ಎಂದ ಒಂದು ಗುರುವಾರ.

"ವಿಡಿಯೋ ನಿಂತ್ಕೊಳ್ಳಲಿ ಮಾರಾಯ, ನಾವು ಕೂತೇ ನೋಡ್ತೀವಿ," ಎಂದ ಓದುಮನೆಯ ಅಧ್ಯಕ್ಷ ಕಾಮೆನ್.

"ನಗು. ನಾಳೆ ಯಂತ್ರ ನಿನ್ನ ದನೀಲೇ ಮಾತಾಡತ್ತೆ."

"ನನ್ನ ಹೆಂಡತಿ ಜೊತೆ ಮಾತಾಡಲಿ. ನನಗೊಂದು ರಜೆ ಸಿಗತ್ತೆ."

ಆಗ ವೆಲ್ಚೋನ ತಲೆಯಲ್ಲಿ ತುಂಬಿದ್ದು ಒಂದೇ ವಿಚಾರ. "ಇಲ್ಲೇ ಇರತ್ತೆ ಅಂತ ಗೊತ್ತಿದ್ರೆ ಯಾರೂ ನೋಡಲ್ಲ, ನಾಳೆ ನೋಡಿದ್ರಾಯ್ತು ಅಂತಾರೆ. ಹೋಗಿಬಿಡತ್ತೆ ಅಂದ್ರೆ ಓಡಿಬಂದು ನೋಡ್ತಾರೆ." ಅದರಂತೆ ಓದುಮನೆಯ ಹೆಸರಿನಲ್ಲಿ ಅಂತರ್ಜಾಲದಲ್ಲಿ ಊರಿಗೊಂದು ಪುಟ ಮಾಡಿದ. ಅದರಲ್ಲಿ ಹಾಕಿದ್ದೆಲ್ಲ ಒಂದು ದಿನ ಇದ್ದು ತಾನಾಗಿ ಅಳಿಯುತ್ತಿತ್ತು. ಬ್ರೆಡ್ಡಿನ ಗಾಡಿ ತಡವಾದದ್ದು, ಸೇತುವೆ ಮುಚ್ಚಿದ್ದು, ಗಾಯನ ತಂಡದ ತಾಲೀಮು ಎಲ್ಲ ಬಂದವು. ಹೊರದೇಶಕ್ಕೆ ದುಡಿಯಲು ಹೋದ ನಮ್ಮ ಮಕ್ಕಳೂ ನೋಡತೊಡಗಿದರು. ದನಿ ಮತ್ತೆ ಊರನ್ನು ಮುಟ್ಟಿತೆಂದು ವೆಲ್ಚೋನ ನಡಿಗೆಯೇ ಬದಲಾಯಿತು.

ವಸಂತದಲ್ಲಿ ಲಾಲ್ಯು ತೀರಿಕೊಂಡು ವರ್ಷವಾಯಿತು. ಅವನ ಹೆಂಡತಿ ರಾಡಾ ಅವನ ಮುಖ, ಹೆಸರು ಇರುವ ವರ್ಷದ ನೆನಪಿನ ಕಾಗದ ಅಚ್ಚು ಹಾಕಿಸಿ ಮನೆಬಾಗಿಲಿಗೆ, ಬಸ್ಸು ನಿಲ್ಲುವ ಜಾಗದ ಲಿಂಡನ್ ಮರಕ್ಕೆ, ಓದುಮನೆಯ ಬಾಗಿಲಿಗೆ ಅಂಟಿಸಿದಳು. ಒಂದನ್ನು ವೆಲ್ಚೋನ ಕೈಗೂ ಕೊಟ್ಟಳು. "ನಿನ್ನ ಪುಟದಲ್ಲೂ ಹಾಕಪ್ಪ. ಮಗಳು ವಲೆನ್ಸಿಯಾದಿಂದ ಬರಕ್ಕಾಗಲ್ಲ, ಅಲ್ಲೇ ನೋಡ್ಲಿ."

ವೆಲ್ಚೋ ಹಾಕಿದ. ಬಹಳ ಚೆಂದ ಮಾಡಿಯೇ ಹಾಕಿದ. ಮಗಳಿಗೆ ಮಾತ್ರ ಆಸ್ಪತ್ರೆಯಲ್ಲಿ ಒಂದರ ಹಿಂದೆ ಒಂದು ಪಾಳಿ. ಕೆಲಸ ಮುಗಿಸಿ ಫೋನ್ ತೆರೆದಾಗ ಅಪ್ಪನಿರಲಿಲ್ಲ. ಆ ಜಾಗದಲ್ಲಿ ಆಲೂಗಡ್ಡೆ ಮಾರಾಟದ ಸುದ್ದಿ ಇತ್ತು.

ಮರುದಿನ ರಾಡಾ ಓದುಮನೆಗೆ ಬಂದಳು. ತಲೆವಸ್ತ್ರ ಬಿಚ್ಚಲಿಲ್ಲ, ಕೂರಲೂ ಇಲ್ಲ.

"ಲಾಲ್ಯುನ ಯಾರು ಕಿತ್ತು ಹಾಕಿದ್ದು?"

"ಯಾರೂ ಕೀಳಲಿಲ್ಲ ಅತ್ತಿಗೆ. ತಾನಾಗೇ ಹೋಯ್ತು, ಅಲ್ಲಿ ಎಲ್ಲ ಹಾಗೇನೇ," ಎಂದ ವೆಲ್ಚೋ.

"ತಾನಾಗೇ ಹೋಗಕ್ಕೆ ಗಾಳಿ ಬಂತಾ, ಮಳೆ ಬಂತಾ?"

ನಮ್ಮಲ್ಲಿ ಸತ್ತವರ ನೆನಪಿನ ಕಾಗದಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಬಾಗಿಲಿಗೆ ಬಣ್ಣ ಹಚ್ಚುವವನು ಕೂಡ ಅದರ ಸುತ್ತ ಕುಂಚ ಆಡಿಸಿ, ಅದನ್ನು ಹಾಗೇ ಬಿಟ್ಟು ಹೋಗುತ್ತಾನೆ. ಅದನ್ನು ತೆಗೆಯಬೇಕಾದದ್ದು ಬಿಸಿಲು ಮಳೆಗಳೇ. ಇದನ್ನು ಊರಿಗೆಲ್ಲ ಸುದ್ದಿ ಹೇಳುತ್ತಿದ್ದವನೇ ಮರೆತಿದ್ದ.

"ಕಂಬದ ಮೇಲೆ ಅವನ ಕೈ ಹೆಪ್ಪುಗಟ್ಟುತ್ತಿತ್ತು, ನೀನು ಒಳಗೆ ಬೆಚ್ಚಗೆ ಕೂತು ಮಾತಾಡಲಿ ಅಂತ. ಅವನಿಗೆ ಒಂದೇ ಒಂದು ದಿನ ಕೊಟ್ಯಾ ನೀನು?" ಎಂದು ಹೇಳಿ ರಾಡಾ ಹೊರಟಳು.

ಕಾಮೆನ್ ಕೆಟ್ಟವನಲ್ಲ. ಆದರೆ ಪುಟ ಓದುಮನೆಯ ಹೆಸರಿನಲ್ಲಿತ್ತು, ಊರಿನ ಬಾಯಿಗೆ ಅವನು ಉತ್ತರ ಕೊಡಬೇಕಿತ್ತು. "ಭಾನುವಾರ ಸಭೆ ಇದೆ. ಅಷ್ಟರೊಳಗೆ ರಾಡಾ ಸರಿ ಅಂದ್ರೆ ಸರಿ. ಇಲ್ಲಾಂದ್ರೆ ಪುಟ ಮುಚ್ಚು ಮಾರಾಯ, ನನಗೂ ಬೇಜಾರೇ," ಎಂದ.

ವೆಲ್ಚೋ ಕಾಗದವನ್ನು ಪುಟಕ್ಕೆ ಮತ್ತೆ ಏರಿಸಿ, ಫೋನ್ ಹಿಡಿದು ರಾಡಾಳ ಅಂಗಳಕ್ಕೆ ಹೋದ. ನಾನೂ ಜೊತೆಗಿದ್ದೆ. ರಾಡಾ ಈರುಳ್ಳಿ ಸಸಿಗೆ ಮಣ್ಣು ಏರಿಸುತ್ತಿದ್ದಳು.

"ಈ ಸಲ ಅಳಿಯೋದೇ ಇಲ್ಲ ಅತ್ತಿಗೆ. ಯಾವತ್ತೂ."

ಅವಳು ಕೈ ಒರೆಸಿಕೊಂಡು ನೋಡಿದಳು. ತುಂಬ ಹೊತ್ತು ನೋಡಿದಳು. "ಯಾವತ್ತೂ ಅಂದ್ರೆ? ನಾನು ಹಣ್ಣುಹಣ್ಣು ಮುದುಕಿ ಆದಾಗ್ಲೂ ಇವನು ಹೀಗೇ ಹೊಸದಾಗಿ ಇರ್ತಾನಾ?"

"ಹೌದು."

"ಅದು ಅಂಗಡಿ ಬೋರ್ಡು ಕಣಯ್ಯ, ನೆನಪಲ್ಲ." ಬಾಗಿಲ ಮೇಲಿನ ಕಾಗದದ ಕಡೆ ಕೈ ತೋರಿಸಿದಳು. "ಇದನ್ನ ನೋಡು. ಮೊದಲು ಮೂಲೆ ಏಳತ್ತೆ. ಆಮೇಲೆ ಮುಖ ಬೆಳ್ಳಗಾಗತ್ತೆ. ಒಂದು ಬೆಳಿಗ್ಗೆ ನೋಡಿದ್ರೆ ಬಾಗಿಲು ಖಾಲಿ. ಅಷ್ಟರಲ್ಲಿ ನನಗೂ ಅಭ್ಯಾಸ ಆಗಿರತ್ತೆ. ಒಂದೇ ಸಲಕ್ಕೆ ಹೋದ್ರೆ ನಾನು ತಡೀತೀನಾ? ಹೋಗದೇ ಇದ್ರೆ ತಡೀತೀನಾ?"

ಬರುವಾಗ ದಾರಿಯುದ್ದಕ್ಕೂ ವೆಲ್ಚೋ ಬಾಗಿಲು ಬಾಗಿಲಿಗೆ ನಿಂತು ಕಾಗದಗಳನ್ನು ನೋಡಿದ. ಒಂದು ಕಡೆ ಹೆಸರು ಉಳಿದು ಮುಖ ಹೋಗಿತ್ತು, ಇನ್ನೊಂದು ಕಡೆ ಟೊಪ್ಪಿ ಮಾತ್ರ ಉಳಿದಿತ್ತು. ತೆಂಕಣ ಗೋಡೆಯವು ಬಿಸಿಲಿಗೆ ಹಳದಿಯಾಗಿದ್ದವು, ಸೂರಿನ ಕೆಳಗಿನವು ಇನ್ನೂ ಗಟ್ಟಿಯಾಗಿದ್ದವು.

"ನೋಡು ದೋರಾ," ಎಂದ ಕೊನೆಗೆ ನನ್ನ ಕಡೆ ತಿರುಗಿ. "ನಾವು ಇಷ್ಟು ದೊಡ್ಡ ಜಾಲ ಕಟ್ಟಿದ್ವಿ. ಅದಕ್ಕೆ ಗೊತ್ತಿರೋದು ಎರಡೇ, ಎಲ್ಲ ಇಟ್ಕೊಳ್ಳೋದು, ಇಲ್ಲ ಎಲ್ಲ ಅಳಿಸೋದು. ಹಳೇದಾಗೋದು ಹೇಗೆ ಅಂತ ಯಾರೂ ಅದಕ್ಕೆ ಕಲಿಸಲೇ ಇಲ್ಲ."

"ನೀನು ಕಲಿಸ್ತೀಯಾ?"

"ನಮ್ಮೂರಿನ ಪುಟಕ್ಕಾದ್ರೂ ಕಲಿಸ್ತೀನಿ."

ಆಮೇಲೆ ಅವನು ಮಹಡಿ ಬಿಟ್ಟು ಇಳಿಯಲೇ ಇಲ್ಲ. ಊಟಕ್ಕೆ ಕರೆದರೆ ಮೆಟ್ಟಿಲ ಮೇಲಿನಿಂದ ಕೈ ಅಲ್ಲಾಡಿಸುತ್ತಿದ್ದ. ಶನಿವಾರ ನೋಡಿದರೆ ಓದುಮನೆಯ ಮಾಡಿನ ಮೇಲೆ, ಲಾಲ್ಯು ನೆಟ್ಟಿದ್ದ ಹಳೆಯ ಕಂಬದ ಬುಡದಲ್ಲಿ, ಮಳೆ ಹಿಡಿಯುವ ಒಂದು ತಗಡಿನ ಡಬ್ಬಿ ಕೂತಿತ್ತು. ಪಕ್ಕದಲ್ಲಿ ಬಿಸಿಲು ಅಳೆಯುವ ಒಂದು ಬಿಲ್ಲೆ. ಅವೆರಡರಿಂದ ಒಂದು ತಂತಿ ಅವನ ಕಂಪ್ಯೂಟರಿಗೆ ಇಳಿದಿತ್ತು. ಬೆಲಿ ಬ್ರೋಡಿನಲ್ಲಿ ಎಷ್ಟು ಮಳೆಯಾಗುತ್ತದೋ ಪುಟದ ಮೇಲಿನ ಕಾಗದ ಅಷ್ಟೇ ನೆನೆಯುತ್ತದೆ, ಎಷ್ಟು ಬಿಸಿಲೋ ಅಷ್ಟೇ ಬಿಳಿಚುತ್ತದೆ.

ಭಾನುವಾರ ಸಭೆಯಲ್ಲಿ ವೆಲ್ಚೋ ಇದನ್ನು ಎಲ್ಲರಿಗೂ ಬಿಡಿಸಿ ಹೇಳಿದ. ರಾಡಾ ಕೊನೆಯ ಸಾಲಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟು ಕೂತಿದ್ದಳು. ಕಾಮೆನ್ ಅವಳ ಕಡೆ ನೋಡಿದ, ನಾವೆಲ್ಲರೂ ನೋಡಿದೆವು. ಆಗ ಅವಳ ಚೀಲದೊಳಗೆ ಫೋನ್ ಬಡಿದುಕೊಂಡಿತು. ಅವಳಿಗೆ ಕಿವಿ ಮಂದ, ಫೋನಿನ ದನಿ ಜೋರಾಗಿಯೇ ಇಟ್ಟಿರುತ್ತಾಳೆ, ಆದ್ದರಿಂದ ಮಗಳ ಮಾತು ಕೋಣೆಗೆಲ್ಲ ಕೇಳಿಸಿತು.

"ಅಮ್ಮಾ, ಅಲ್ಲಿ ನಿನ್ನೆ ಮಳೆ ಬಂತಾ?" ಮಗಳು ಕೇಳುತ್ತಿದ್ದಳು.

"ಸಣ್ಣದಾಗಿ ಬಂತು. ನಿನಗೆ ಹೇಗೆ ಗೊತ್ತು?"

"ಅಪ್ಪನ ಎಡಗಡೆ ಮೂಲೆ ಎದ್ದಿದೆ."

ರಾಡಾ ಎದ್ದಳು. ಬಾಗಿಲ ಹತ್ತಿರ ಹೋಗಿ ಓದುಮನೆಯ ಕಾಗದವನ್ನು ನೋಡಿದಳು. ಎಡಮೂಲೆ ಅಂಟು ಬಿಟ್ಟು ಎದ್ದಿತ್ತು.

"ಇಲ್ಲೂ ಎದ್ದಿದೆ ಕಣೇ," ಎಂದಳು. ಫೋನನ್ನು ಕಿವಿಗೆ ಒತ್ತಿಕೊಂಡೇ ಅವಳು ಕಾಮೆನ್ ಕಡೆ ತಿರುಗಿದಳು. "ಮುಚ್ಚಬೇಡಿ. ಇರ್ಲಿ ಅದು."

ಮರು ಗುರುವಾರ ಅವಳು ಚೀಸ್ ತುಂಬಿದ ಬನಿತ್ಸಾ ಮಾಡಿಕೊಂಡು ಬಂದಳು. ತಟ್ಟೆ ಇನ್ನೂ ಬಿಸಿಯಾಗಿತ್ತು. ವೆಲ್ಚೋ ಅಂದು ದೂರ ಇರುವವರಿಗೆ ತಮ್ಮೂರ ಹವೆಯನ್ನು ತೋರಿಸುವ ಪುಟಗಳ ಬಗ್ಗೆ ಏನೇನೋ ಕನಸು ಬಿಚ್ಚುತ್ತಿದ್ದ. ಕಿಟಕಿಯಾಚೆ ಮೋಡ ಕಟ್ಟುತ್ತಿತ್ತು. ರಾಡಾ ಅದನ್ನೇ ನೋಡುತ್ತಿದ್ದಳು.

"ವೆಲ್ಚೋ, ಮಗಳಿಗೆ ಬೇಸಿಗೆಗೆ ರಜೆ ಸಿಕ್ಕಿದೆ, ಬರ್ತಾಳೆ. ಅಲ್ಲೀವರೆಗೆ ಆ ನಿನ್ನ ಮಳೆ ಡಬ್ಬಿ ಮೇಲೆ ಏನಾದ್ರೂ ಮುಚ್ಚಬಹುದಾ? ಜೋರು ಮಳೆ ಬಂದ್ರೆ ಮಾತ್ರ."

"ಬನಿತ್ಸಾ ಕೊಟ್ಟು ಮಳೆ ನಿಲ್ಲಿಸೋದನ್ನ ಇವತ್ತೇ ನೋಡಿದ್ದು," ಎಂದ ಕಾಮೆನ್, ಎರಡನೆಯ ತುಂಡಿಗೆ ಕೈ ಹಾಕುತ್ತ.

ವೆಲ್ಚೋ ಮಾತು ನಿಲ್ಲಿಸಿದ. ಅಡುಗೆ ಮೂಲೆಯಿಂದ ಒಂದು ಹಳೆಯ ಬೋಗುಣಿ ಹುಡುಕಿ ತಂದು ರಾಡಾಳ ಕೈಗೆ ಕೊಟ್ಟ. "ಬಾ ಅತ್ತಿಗೆ, ಮೆಟ್ಟಿಲು ಹುಷಾರು. ನೀನೇ ಮುಚ್ಚು."