ಕೋಟಿನ ಕಿಸೆಯಲ್ಲಿ ಉಳಿದ ಒಪ್ಪಿಗೆ ಚೀಟಿ

ನಾನು ಓದಿದ್ದು ಐದನೇ ಇಯತ್ತೆಯವರೆಗೆ. ಸಹಿ ಮಾಡಲು ಬರುತ್ತದೆ. ಮಾಡಬೇಕಾದಲ್ಲಿ ಮಾಡಲಿಲ್ಲ, ಅದೇ ನನ್ನ ತಪ್ಪು.

ತಂಗಿಯನ್ನು ಯಮಕನಮರಡಿಗೆ ಕೊಟ್ಟಿದ್ದೇವೆ. ಅವಳ ಹದಿನಾಲ್ಕು ವರ್ಷದ ಮಗಳು, ನನ್ನ ಸೋದರಸೊಸೆ, ಕಲ್ಲೋಳಿಯ ನಮ್ಮ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಾಳೆ. ಒಂದು ಸಂಜೆ ಅವಳೊಂದು ಚೀಟಿ ತಂದಳು. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಲಸಿಕೆ ಹಾಕುತ್ತಾರೆ, ಮನೆಯ ಹಿರಿಯರ ಒಪ್ಪಿಗೆ ಬೇಕು. ತಂಗಿ ಫೋನಿನಲ್ಲಿ, "ಅಣ್ಣಾ, ನೀನ ಸಹಿ ಮಾಡಿ ಕೊಡು, ಮರೀಬ್ಯಾಡ" ಎಂದಳು. "ಆತ ತಗೋ" ಎಂದೆ.

ಅಕ್ಷರ ಕೂಡಿಸಿಕೊಂಡು ಓದತೊಡಗಿದೆ. 'ಗರ್ಭಕೋಶ' ಎಂಬಲ್ಲಿಗೆ ಬರುವಷ್ಟರಲ್ಲಿ ಕಿವಿ ಬಿಸಿಯಾಯಿತು, ಮುಂದೆ ಓದಲಿಲ್ಲ. ಆರಾಮಾಗಿರುವ ಹುಡುಗಿಗೆ ಸೂಜಿ ಮಾಡಿಸಿದರೆ ಏನೋ ರೋಗವಿದೆ ಎಂದು ಊರೇ ಮಾತಾಡುತ್ತದೆ, ನಾಳೆ ಸಂಬಂಧ ಕೇಳಿ ಬಂದವರಿಗೆ ಏನು ಹೇಳುವುದು? ನನಗೆ ನೆಗಡಿಯಾದಾಗ ಸೂಜಿ ಮಾಡದೆ ಬರೀ ಗುಳಿಗೆ ಕೊಡುವವರನ್ನು ನಾನು ಡಾಕ್ಟರೆಂದೇ ಒಪ್ಪುವುದಿಲ್ಲ. ಆ ಮಾತು ಬೇರೆ. ಚೀಟಿಯನ್ನು ಟ್ರಂಕಿನಲ್ಲಿದ್ದ ನನ್ನ ಮದುವೆಯ ಕೋಟಿನ ಕಿಸೆಗೆ ಸೇರಿಸಿ, ಸೊಸೆಗೆ, "ನಾನ ಸಾಲಿಗಿ ಕೊಟ್ಟ ಬಂದೇನಿ" ಎಂದೆ.

ಲಸಿಕೆಯ ದಿನ ಅವಳು ಮುಖ ಸಣ್ಣದು ಮಾಡಿಕೊಂಡು ಬಂದಳು. "ಮಾಮಾ, ನನ್ನ ಚೀಟಿನ ಇಲ್ಲಂತ. ಎಲ್ಲಾರೂ ತೋಳ ಹಿಡ್ಕೊಂಡ ಕುಂತಿದ್ರು. ನಾ ಒಬ್ಬಾಕಿನ ಗಣಿತ ಮಾಡಿದ್ನಿ."

"ನಿಮ್ಮ ಟೀಚರ್ ಕಳದಿರಬೇಕ ನೋಡು" ಎಂದುಬಿಟ್ಟೆ.

ಆ ಮಾತು ಯಮಕನಮರಡಿ ಮುಟ್ಟಿತು. ಮರುದಿನ ಬಸ್ಸಿಳಿದ ತಂಗಿ ಮನೆಗೆ ಬರದೆ ಶಾಲೆಯ ದಾರಿ ಹಿಡಿದಳು. ಕರೆಯಲು ಹೋದ ನಾನು ಬೈಕ್ ತಳ್ಳುತ್ತ ಅವಳ ಬೆನ್ನು ಹತ್ತಿದೆ.

"ಚಾ ಕುಡದ ಹೋಗೂಣ ಬಾ."

"ನನ್ನ ನಾದಿನಿ ಇದ ಬ್ಯಾನ್ಯಾಗ ಹೋದ್ಲು. ಗಾಡಿ ಮಾಡಿ ಬೆಳಗಾವಿಗಿ ನೀನ ಕರ್ಕೊಂಡ ಹೋಗಿದ್ದಿ. ನನ್ನ ಮಗಳ ಚೀಟಿ ಕಳದಾಕಿನ್ನ ಇವತ್ತ ನಾ ನೋಡ್ಬೇಕು!"

ಅವಳನ್ನು ಕೊಂದ ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಡೆಯಲೆಂದೇ ಈ ಚೀಟಿಯ ಲಸಿಕೆ ಎಂದು ನನಗೆ ತಿಳಿದದ್ದು ಆಗ. ಬೈಕ್ ನಿಲ್ಲಿಸಿ ಅವಳ ಹಿಂದೆಯೇ ಶಾಲೆಯೊಳಗೆ ಹೋದೆ.

ಪಾಪ, ಟೀಚರ್ ಜಗಳವನ್ನೇ ಆಡಲಿಲ್ಲ. ಕಪಾಟು ತೆಗೆದು ಕಾಗದ ಹರವಿಕೊಂಡು, "ನನ್ನ ಕಡೇನ ತಪ್ಪಾಗಿರಬೇಕ್ರಿ, ಹುಡುಕ್ತೇನ್ರಿ" ಎಂದು ನೆಲಕ್ಕೆ ಕುಳಿತರು. ಅದನ್ನು ನೋಡಲಾಗಲಿಲ್ಲ.

"ಅದು ನನ್ನ ಕೋಟಿನ್ಯಾಗ ಐತ್ರಿ" ಎಂದೆ.

"ಯಾವ ಕೋಟು?" ಎಂದಳು ತಂಗಿ.

"ಲಗ್ನದ್ದು."

ಅವಳು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ಆರಾಮ ಇದ್ದಾಕಿಗಿ ಸೂಜಿ ಯಾಕಂತ..." ಎಂದು ತೊದಲಿದೆ.

"ಹೋದ ತಿಂಗಳ ಎಮ್ಮಿಗಿ ಕಾಲುಬಾಯಿ ಬ್ಯಾನಿ ಸೂಜಿ ಹಾಕಸಾಕ ಮುಂಜಾನಿಂದ ಪಾಳಿ ನಿಂತಿದ್ದಿ. ಎಮ್ಮಿಗೇನ ಬ್ಯಾನಿ ಬಂದಿತ್ತೇನ?"

"ಬಂದ ಮ್ಯಾಲ ಹಾಕಿದ್ರ ಏನ ಉಪಯೋಗ?" ಎಂದೆ, ಯೋಚಿಸದೆ.

ಟೀಚರಿಗೆ ನಗು ತಡೆಯಲಾಗಲಿಲ್ಲ. "ಇದೂ ಹಂಗರಿ. ಆ ಬ್ಯಾನಿ ತರೂ ವೈರಸ್ ಮೈಗಿ ಸೇರೂ ಮೊದಲ ಹಾಕ್ಸಿದ್ರ ಛಲೋ. ಮುಂದ ಮೂವತ್ತ ವರ್ಷ ಆದ ಮ್ಯಾಲ ತಪಾಸಣಿನೂ ಬಿಡಬಾರದ್ರಿ. ಉಳದವರಿಗಿ ಮೂಡಲಗಿ ದವಾಖಾನ್ಯಾಗ ಹಾಕ್ತಾರ, ಇವತ್ತ ಹೋಗ್ರಿ." ಹೊಸ ಚೀಟಿಗೆ ತಂಗಿಯೇ ಸಹಿ ಮಾಡಿದಳು.

ಮೂಡಲಗಿಯಲ್ಲಿ ಸೂಜಿ ಮಾಡುವಾಗ ಕಣ್ಣು ಮುಚ್ಚಿಕೊಂಡದ್ದು ನಾನು. ಸೊಸೆ ಮುಖ ಕಿವುಚಲಿಲ್ಲ. ಆಮೇಲೆ ಅರ್ಧ ತಾಸು ಕೂರಿಸಿದ್ದರು. ಆಗ ಕೇಳಿದಳು: "ಮಾಮಾ, ಕೊಟ್ಟ ಬಂದೇನಿ ಅಂದಿದ್ದಿ ಅಲ್ಲಾ?"

"ಸುಳ್ಳ ಹೇಳಿದ್ನೆವ್ವಾ. ತಪ್ಪಾತು."

ತೋಳಿನ ಮೇಲಿನ ಹತ್ತಿಯನ್ನು ಒತ್ತಿಕೊಂಡು ಹೇಳಿದಳು: "ಹಂಗಾರ ನಾಳೆ ನಮ್ಮ ವರ್ಗಕ್ಕ ಬಂದ ಹೇಳು. ಸೂಜಿಗಿ ಅಂಜಿ ನಾನ ಚೀಟಿ ಹರದೇನಿ ಅನ್ನಾಕತ್ತಾರ."

ಮರುದಿನ ಒಂಬತ್ತನೇ ವರ್ಗದ ಮುಂದೆ ನಿಂತು ಎಲ್ಲ ಹೇಳಿದೆ. ಟೀಚರಿಗೆ ಕೈ ಮುಗಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಅಂದ್ರ ಕಾಕಾ, ಸೂಜಿಗಿ ಅಂಜಿದವ್ರ ನೀವ ಏನ್ರಿ?"

"ಹೌದವ್ವಾ, ನಾನ" ಎಂದೆ. ಸೊಸೆ ತಲೆ ಎತ್ತಿ ಕುಳಿತಳು.