ಬಚ್ಚಲುಮನೆಯ ಊಟ

ಮಧ್ಯಾಹ್ನವಾಯಿತೆಂದರೆ ಆ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ, ಮೂಗಿದ್ದರೆ ಸಾಕಿತ್ತು. ಒಂದು ಕಿಟಕಿಯಿಂದ ಬೇಳೆ ಬೆಂದ ಹಬೆ, ಇನ್ನೊಂದರಿಂದ ಮೀನು ಹುರಿದ ವಾಸನೆ, ಮೂಲೆಮನೆಯಿಂದ ದಿನವೂ ತಳ ಹತ್ತಿದ ಹಾಲು. ಸೈಕಲ್ ರಿಪೇರಿ ಅಂಗಡಿಯ ಮೇಲಿದ್ದ ಎರಡು ಕೋಣೆಯ ಮನೆಯಿಂದ ಮಾತ್ರ ಏನೂ ಬರುತ್ತಿರಲಿಲ್ಲ. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಆ ಮನೆಯವಳು ಎಂಜಲ ಕೈಯಲ್ಲಿ ಕಾಗೆ ಓಡಿಸದವಳು ಎಂದರು ಕೆಲವರು. ಮೈಗಳ್ಳಿ ಎಂದರು ಇನ್ನು ಕೆಲವರು. ಗಂಡ ಲಾರಿ ಡ್ರೈವರು, ಹೋಟೆಲಿನಲ್ಲೇ ಉಂಡು ಬರುತ್ತಾನೆ, ಇವಳಿಗೆ ಒಲೆ ಹಚ್ಚುವುದಕ್ಕೂ ಸೋಮಾರಿತನ ಎಂದರು. ಹೀಗೆ ಅನ್ನಿಸಿಕೊಂಡವಳು ಒಂದು ಕಾಲದಲ್ಲಿ ಇಡೀ ಕಾರ್ಖಾನೆಗೆ ಅಡುಗೆ ಮಾಡಿ ಬಡಿಸಿದವಳು. ಅದು ಆ ಬೀದಿಗೆ ಗೊತ್ತಿರಲಿಲ್ಲ.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳಿಗೆ ಉಪ್ಪಿನಕ್ಕ ಎಂದೇ ಹೆಸರು. ಎಷ್ಟು ದೊಡ್ಡ ಪಾತ್ರೆಯೇ ಇರಲಿ, ರುಚಿ ನೋಡುತ್ತಿರಲಿಲ್ಲ. ಬಗ್ಗಿ ಹಬೆಯನ್ನು ಮೂಗಿಗೆ ಎಳೆದುಕೊಂಡು, "ಇನ್ನೊಂದು ಹಿಡಿ ಹಾಕು" ಎನ್ನುತ್ತಿದ್ದಳು. ಒಂದೇ ಒಂದು ಸಲ ತಪ್ಪಿತ್ತಂತೆ. ಆ ದಿನ ನೆಗಡಿಯಾಗಿತ್ತು ಎಂದು ಅವಳ ವಾದ. ಎಲ್ಲರಿಗೂ ಬಡಿಸಿಯಾದ ಮೇಲೆ ತಟ್ಟೆ ಹಿಡಿದುಕೊಂಡು ಮೇಜಿಂದ ಮೇಜಿಗೆ ಹೋಗಿ, ಇಲ್ಲೊಂದು ತುತ್ತು ಅಲ್ಲೊಂದು ತುತ್ತು, ಇವರ ಮಗಳ ಮದುವೆ, ಅವರ ಮಂಡಿನೋವು, ಎಲ್ಲ ಕೇಳಿಕೊಂಡು ಉಣ್ಣುವಳು. ಒಬ್ಬಳೇ ಕೂತು ತಿಂದರೆ ಅದು ಹೊಟ್ಟೆ ತುಂಬಿಸಿಕೊಳ್ಳುವುದು ಅಷ್ಟೇ, ಅದಕ್ಕೆ ಊಟ ಅನ್ನುತ್ತಾರಾ ಎಂದು ನಗುತ್ತಿದ್ದಳು.

ಆಮೇಲೆ ಮಗಳು ಹುಟ್ಟಿದಳು. ದುಂಡು ಮುಖ, ದುಂಡು ಕಣ್ಣು. ಅಪ್ಪ ಬಟಾಣಿ ಎಂದು ಕರೆದ, ಅದೇ ನಿಂತಿತು. ಮಗು ಎಲ್ಲದರಲ್ಲೂ ಚುರುಕು, ನುಂಗುವುದೊಂದು ಬಿಟ್ಟು. ಬಾಯಿಗೆ ಹಾಕಿದ್ದು ಹೊಟ್ಟೆಯ ದಾರಿ ಬಿಟ್ಟು ಉಸಿರಿನ ದಾರಿಗೆ ಇಳಿಯುತ್ತಿತ್ತು. ಪ್ರತಿ ಊಟವೂ ಕೆಮ್ಮು, ಪ್ರತಿ ಕೆಮ್ಮೂ ಜ್ವರ, ಪ್ರತಿ ಜ್ವರಕ್ಕೂ ಆಸ್ಪತ್ರೆ. ಕೊನೆಗೆ ಡಾಕ್ಟರು ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ಟ್ಯೂಬು ಕೂರಿಸಿದರು. ಇನ್ನು ಬಾಯಿಂದ ಏನೂ ಬೇಡ, ಒಂದು ಚಮಚ ನೀರೂ ಬೇಡ ಎಂದರು. ಕೈ ಕೆಸರಾದರೆ ಬಾಯಿ ಮೊಸರು ಎಂದ ಹಿರಿಯರಿಗೆ ಇಂಥ ಬಾಯೂ ಇರುತ್ತದೆ ಎಂದು ಗೊತ್ತಿರಲಿಲ್ಲ.

ಉಪ್ಪಿನಕ್ಕ ಕ್ಯಾಂಟೀನು ಬಿಟ್ಟಳು. ಮನೆಯಲ್ಲಿ ಕೂತು ಗಾರ್ಮೆಂಟ್ಸಿನ ಶರಟುಗಳಿಗೆ ಗುಂಡಿ ಹೊಲಿಯತೊಡಗಿದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಟ್ಯೂಬಿನ ಕೆಲಸ ಕಲಿತಳು. ಡಾಕ್ಟರು ಬರೆದುಕೊಟ್ಟ ಆಹಾರದ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕಲಸಬೇಕು. ಮುಂಗೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಬೇಕು. ಸಿರಿಂಜಿನ ಒತ್ತುಕಡ್ಡಿ ತೆಗೆದಿಟ್ಟು, ಬರೀ ಕೊಳವೆಯನ್ನು ಟ್ಯೂಬಿಗೆ ಸಿಕ್ಕಿಸಿ, ಮೊದಲು ನೀರು, ಆಮೇಲೆ ಆಹಾರ, ಕೊನೆಗೆ ಮತ್ತೆ ನೀರು. ಒತ್ತಿ ಕಳಿಸುವಂತಿಲ್ಲ, ಕೈ ಎತ್ತಿ ಹಿಡಿದುಕೊಂಡು ಅದು ತಾನಾಗಿ ಇಳಿಯುವವರೆಗೂ ಕಾಯಬೇಕು. ಮುಗಿದ ಮೇಲೆ ಮಗುವನ್ನು ದಿಂಬಿಗೆ ಒರಗಿಸಿ ಕೂರಿಸಬೇಕು, ಮಲಗಿಸಿದರೆ ಎಲ್ಲ ಮೇಲೆ ಬರುತ್ತದೆ. ಬಲಗೈಯಲ್ಲಿ ಸೌಟು ತಿರುವಿದವಳು ಈಗ ಎಡಗೈ ಎತ್ತಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಳು. ಕೆಲಸ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬೇರೆ.

ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಒಂದು ದಿನ ಎಣ್ಣೆಗೆ ಈರುಳ್ಳಿ ಹಾಕಿದ್ದಳು. ವಾಸನೆಗೆ ಮಗು ತಡವರಿಸಿಕೊಂಡು ಬಂದು ಅವಳ ಸೀರೆ ಹಿಡಿದು, ಬಾಣಲೆಯತ್ತ ಕೈ ಚಾಚಿ ಅತ್ತಿತು. ಹಟದ ಅಳು ಅಲ್ಲ, ಏನೋ ಕೇಳಿ ಸಿಗದವರ ಅಳು. ಉಪ್ಪಿನಕ್ಕ ಒಲೆ ಆರಿಸಿ ಬಾಣಲೆಯಲ್ಲಿದ್ದದ್ದನ್ನು ಹಾಗೇ ಮೋರಿಗೆ ಸುರಿದಳು. ಅವತ್ತಿನಿಂದ ಆ ಮನೆಯಲ್ಲಿ ಅಡುಗೆ ಎಂಬುದು ನಿಂತಿತು, ಮಗುವಿನ ಕಣ್ಣೆದುರು ಯಾರೂ ಏನೂ ತಿನ್ನುವುದೂ ನಿಂತಿತು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಜಗಳವಾಡಿಯಾದರೂ ಬಿಡುತ್ತಿದ್ದಳೇನೋ. ತಾನೇ ಹಾಕಿಕೊಂಡ ಗಂಟು, ಬಿಚ್ಚುವವರು ಯಾರು?

ತಿನ್ನದೆ ಬದುಕುವುದಂತೂ ಆಗದು. ಬಟಾಣಿಗೆ ಕೊಟ್ಟು ದಿಂಬಿಗೆ ಒರಗಿಸಿದ ಮೇಲೆ ಉಪ್ಪಿನಕ್ಕ ಬಟ್ಟೆ ಒಗೆಯುವವಳಂತೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುವಳು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂರುವಳು. ಅಗಿಯುವ ಸದ್ದು ಆಚೆ ಹೋಗಬಾರದೆಂದು ನಲ್ಲಿ ಬಿಡುವಳು. ಮಡಿಲಿನಿಂದ ಬ್ರೆಡ್ಡೋ ಬಾಳೆಹಣ್ಣೋ ಬೇಕರಿಯ ಬನ್ನೋ ತೆಗೆದು, ಗೋಡೆ ನೋಡಿಕೊಂಡು ತಿಂದು ಮುಗಿಸುವಳು. ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ, ಬಾಯಿ ತೊಳೆದು, ಕೈಯನ್ನು ಸೋಪು ಹಾಕಿ ಎರಡೆರಡು ಸಲ ಉಜ್ಜಿ ಹೊರಗೆ ಬರುವಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಕಾಣುತ್ತದೆ. ಆದರೆ ಬೆಕ್ಕಿಗೆ ಅದನ್ನು ಹೇಳುವವರು ಬೇಕಲ್ಲ.

ಗಂಡನೂ ಅವಳ ದಾರಿಯನ್ನೇ ಹಿಡಿದ. ಲಾರಿ ನಿಲ್ಲಿಸಿ ಮೆಟ್ಟಿಲು ಹತ್ತುವಾಗಲೇ, ಯಾರೂ ಕೇಳದಿದ್ದರೂ, ಊಟ ಆಗಿದೆ ಎನ್ನುವನು. ಆಗಿಲ್ಲವೆಂದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಉಪ್ಪಿನಕ್ಕನ ಅಕ್ಕ ಮೊದಮೊದಲು ಬರುತ್ತಿದ್ದಳು. ಬಂದವರಿಗೆ ಒಂದು ಲೋಟ ಕಾಫಿಯೂ ಸಿಗದ ಮನೆಗೆ ಎಷ್ಟು ಸಲ ಬಂದಾರು? ಕೊನೆಗೆ ಅವಳೂ ಫೋನಿನಲ್ಲೇ ಮಾತು ಮುಗಿಸತೊಡಗಿದಳು. ನೂರಾರು ಜನರ ನಡುವೆ ಉಂಡವಳಿಗೆ ಈಗ ಜೊತೆಗೆ ಒಂದು ನಲ್ಲಿ. ಕೆಲವು ದಿನ ಅವಳು ಅದರೊಡನೆ ಮಾತಾಡಿದ್ದೂ ಉಂಟು. ಬ್ರೆಡ್ಡು ಒಣಗಿದೆ ಎಂದೋ, ಹಣ್ಣು ಕಾಯಿ ಎಂದೋ ಪಿಸುಗುಟ್ಟುವಳು. ಅಳು ಬಂದರೆ ಅಲ್ಲೇ ಅತ್ತುಬಿಡುವಳು, ಹೇಗೂ ನೀರು ಸುರಿಯುತ್ತಿರುತ್ತದೆ.

ತನ್ನ ಒಂಟಿತನವನ್ನು ಅವಳು ಹಾಗೋ ಹೀಗೋ ನುಂಗಿಕೊಂಡಿದ್ದಳು. ಅದು ಮಗಳಿಗೆ ಬರಬಾರದು ಎಂಬುದೊಂದೇ ಅವಳ ಆಸೆ. ಬಟಾಣಿಯನ್ನು ಬೀದಿಯ ಕೊನೆಯ ಶಾಲೆಗೆ ಸೇರಿಸಲು ಹೆಡ್‌ಮಾಸ್ಟರರ ಕಾಲು ಹಿಡಿಯುವುದೊಂದು ಬಾಕಿ ಇತ್ತು. ಊಟದ ಬಿಡುವಿನಲ್ಲಿ ತಾನೇ ಬಂದು ಟ್ಯೂಬಿನಲ್ಲಿ ಕೊಟ್ಟು ಹೋಗುತ್ತೇನೆ, ಯಾರಿಗೂ ತೊಂದರೆಯಿಲ್ಲ ಎಂದು ಒಪ್ಪಿಸಿದ್ದಳು. ಟೀಚರುಗಳ ಊಟ ಮುಗಿದು ಅವರ ಕೋಣೆ ಖಾಲಿಯಾಗುವ ಹೊತ್ತಿಗೆ ಹೋಗುವಳು, ಕೊಟ್ಟು ಬರುವಳು. ಶಾಲೆಯಲ್ಲಿ ಬಟಾಣಿ ಮಾತಿನ ಮಲ್ಲಿಯಂತೆ. ಮೇಡಂ ಒಮ್ಮೆ ಲೆಕ್ಕ ಬಾರದ ಮಕ್ಕಳಿಗೆ, ಹೊಟ್ಟೆಗೆ ಏನು ತಿಂತೀರಿ ಎಂದು ಗದರಿದಾಗ ಇವಳು ಎದ್ದು ನಿಂತು, "ನಾನೊಬ್ಳೇ ಮಿಸ್ ಹೊಟ್ಟೆಗೆ ತಿನ್ನೋದು, ಇವ್ರೆಲ್ಲ ಬಾಯಿಗೆ ತಿಂತಾರೆ" ಎಂದಳಂತೆ. ಇಡೀ ಕ್ಲಾಸು ನಕ್ಕಿತಂತೆ. ಅದನ್ನು ಕೇಳಿದ ದಿನ ಉಪ್ಪಿನಕ್ಕ ಬಚ್ಚಲಲ್ಲಿ ಒಂದು ಬ್ರೆಡ್ಡು ಹೆಚ್ಚಿಗೆ ತಿಂದಳು. ಮಗಳಿಗೆ ಜೊತೆ ಸಿಕ್ಕಿತು ಎಂದುಕೊಂಡಳು.

ಒಂದು ದಿನ ಗಾರ್ಮೆಂಟ್ಸಿನಿಂದ ಶರಟಿನ ಗಂಟು ಬರಲಿಲ್ಲ. ಮನೆಯಲ್ಲಿ ಕೂತು ಏನು ಮಾಡುವುದೆಂದು ಬೇಗನೆ ಶಾಲೆಗೆ ಹೊರಟಳು. ಊಟದ ಗಂಟೆ ಆಗತಾನೆ ಹೊಡೆದಿತ್ತು. ಜಗುಲಿಯ ಉದ್ದಕ್ಕೂ ಮಕ್ಕಳು ಸಾಲಾಗಿ ಕೂತು ಡಬ್ಬಿ ಬಿಚ್ಚಿದ್ದರು. ಗಲಾಟೆಯೋ ಗಲಾಟೆ. ಆ ಸಾಲಿನಲ್ಲಿ ಬಟಾಣಿ ಇರಲಿಲ್ಲ. ಕ್ಲಾಸಿನಲ್ಲೂ ಇರಲಿಲ್ಲ. ಹುಡುಕಿಕೊಂಡು ಶಾಲೆಯ ಹಿಂದಕ್ಕೆ ಹೋದರೆ, ನೀರಿನ ಡ್ರಮ್ಮಿನ ಮರೆಯಲ್ಲಿ ಮಗಳು ಕಂಡಳು. ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಮುಖ ಗೋಡೆಯ ಕಡೆಗಿತ್ತು.

ಉಪ್ಪಿನಕ್ಕ ಮೊದಲು ಎಗರಿದ್ದು ಮೇಡಂ ಮೇಲೆ. ಹೆತ್ತವಳ ಸಿಟ್ಟಿಗೆ ಹಿಂದುಮುಂದಿರುವುದಿಲ್ಲ. ಟ್ಯೂಬಿದೆ ಅಂತ ನನ್ನ ಮಗಳನ್ನು ಮೂಲೆಗೆ ಕೂರಿಸಿದಿರಾ ಎಂದು ಕೇಳಿಯೇಬಿಟ್ಟಳು. ಮೇಡಂ ಒಳ್ಳೆಯವರು, ಕೂಗಾಡಲಿಲ್ಲ. ಯಾರೂ ಕೂರಿಸಿಲ್ಲ, ಮೊದಲ ದಿನದಿಂದಲೂ ಗಂಟೆ ಹೊಡೆದ ಕೂಡಲೇ ಅವಳೇ ಎದ್ದು ಹೋಗುತ್ತಾಳೆ, ಕೈ ಹಿಡಿದು ಕರೆತಂದರೂ ನಿಲ್ಲುವುದಿಲ್ಲ ಎಂದರು. ನಿಮಗೆ ಗೊತ್ತಿರಬಹುದು ಅಂದುಕೊಂಡಿದ್ದೆ ಎಂದೂ ಸೇರಿಸಿದರು.

ಡ್ರಮ್ಮಿನ ಹಿಂದೆ ಮಗಳ ಪಕ್ಕದಲ್ಲಿ ಉಪ್ಪಿನಕ್ಕ ಕುಕ್ಕರಗಾಲಲ್ಲಿ ಕೂತಳು. ಇಲ್ಲಿ ಯಾಕೆ ಬಂದು ಕೂತಿದ್ದೀಯ ಎಂದು ಕೇಳಿದಳು.

"ಅವ್ರು ಊಟ ಮಾಡ್ತಿದಾರಲ್ಲ," ಎಂದಳು ಬಟಾಣಿ, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ. "ನನ್ನ ಟ್ಯೂಬ್ ನೋಡಿದ್ರೆ ಊಟ ಸೇರಲ್ಲ ಅಲ್ವಾ."

"ಯಾರು ಹಾಗಂದಿದ್ದು?"

"ಯಾರೂ ಅನ್ಲಿಲ್ಲ. ನಿಂಗೆ ಸೇರಲ್ಲ, ಅದಕ್ಕೆ ಬಚ್ಚಲಲ್ಲಿ ತಿಂತೀಯ. ಅಪ್ಪಂಗೂ ಸೇರಲ್ಲ, ಹೊರಗೆ ತಿಂದ್ಕೊಂಡು ಬರ್ತಾನೆ. ಇವ್ರಿಗೂ ಸೇರಲ್ಲ ಅಂತ ನಾನೇ ಎದ್ದು ಬಂದೆ."

ಮಗಳಿಗೆ ನೋವಾಗದಿರಲಿ ಎಂದು ಮುಚ್ಚಿದ ಬಾಗಿಲನ್ನು ಮಗಳು ಹೇಸಿಗೆಯ ಬಾಗಿಲು ಎಂದುಕೊಂಡಿದ್ದಳು. ಇಷ್ಟು ವರ್ಷ ಎದುರೆದುರೇ ಇದ್ದೂ ಇಬ್ಬರೂ ಬಾಯಿಬಿಟ್ಟು ಕೇಳಿರಲಿಲ್ಲ. "ಹಾಗಲ್ಲ ಕಂದಾ, ನೀನು ಅಳ್ತೀಯ ಅಂತ..." ಎಂದು ಉಪ್ಪಿನಕ್ಕ ಹೇಳಹೋದಳು. ಅರ್ಧಕ್ಕೇ ಬಿಟ್ಟಳು. ಇಂಥದನ್ನು ಬಾಯಲ್ಲಿ ಹೇಳಿದರೆ ನಂಬುವ ಮಗುವೂ ಅಲ್ಲ ಅದು. ಸುಮ್ಮನೆ ಅಲ್ಲೇ ಸಿರಿಂಜು ತೆಗೆದು ಕೈ ಎತ್ತಿ ಹಿಡಿದಳು. ಜಗುಲಿಯಿಂದ ಮಕ್ಕಳ ನಗು ಕೇಳುತ್ತಲೇ ಇತ್ತು.

ಸಂಜೆ ಉಪ್ಪಿನಕ್ಕ ಅಂಗಡಿಗೆ ಹೋಗಿ ಈರುಳ್ಳಿ, ಎಣ್ಣೆ, ಮೊಟ್ಟೆ ತಂದಳು. ಅಟ್ಟದಿಂದ ಬಾಣಲೆ ಇಳಿಸಿದಳು. ತುಕ್ಕು ಹಿಡಿದಿತ್ತು, ಉಜ್ಜಿ ಉಜ್ಜಿ ಕೈ ನೋವು ಬಂತು. ಈರುಳ್ಳಿ ಎಣ್ಣೆಗೆ ಬಿದ್ದು ಚುರ್ ಎಂದಾಗ ಕೆಳಗೆ ಸೈಕಲ್ ಅಂಗಡಿಯವನು ಸುತ್ತಿಗೆ ನಿಲ್ಲಿಸಿ ಮೇಲೆ ನೋಡಿದನಂತೆ. ಬಟಾಣಿ ಬಂದು ಬಾಗಿಲಲ್ಲಿ ನಿಂತಳು. ಅಳುತ್ತಾಳೇನೋ ಎಂದು ಉಪ್ಪಿನಕ್ಕ ಒಲೆಯ ತಿರುಪಿಗೆ ಕೈ ಹಾಕಿದಳು. ಅವಳು ಅಳಲಿಲ್ಲ. ಹತ್ತಿರ ಬಂದು, ಅಮ್ಮ ಒಂದು ಕಾಲದಲ್ಲಿ ಮಾಡುತ್ತಿದ್ದ ಹಾಗೆಯೇ, ಹಬೆಯನ್ನು ಮೂಗಿನೊಳಗೆ ಉದ್ದಕ್ಕೆ ಎಳೆದುಕೊಂಡಳು. ಇನ್ನೂ ಸ್ವಲ್ಪ ಹೊತ್ತು ಹುರಿ ಎಂದಳು.

ನೆಲದ ಮೇಲೆ ಎದುರುಬದುರು ಕೂತರು. ಉಪ್ಪಿನಕ್ಕ ಎಡಗೈಯಲ್ಲಿ ಸಿರಿಂಜನ್ನು ಎತ್ತಿ ಹಿಡಿದು ಮಗಳಿಗೆ ಇಳಿಸುತ್ತಾ, ಬಲಗೈಯನ್ನು ತಟ್ಟೆಗೆ ಹಾಕಿದಳು. ಮೊದಲ ತುತ್ತು ಬಾಯಲ್ಲೇ ಉಳಿಯಿತು. ಎರಡು ದುಂಡು ಕಣ್ಣು ತನ್ನ ಬಾಯನ್ನೇ ನೋಡುತ್ತಿರುವಾಗ ನುಂಗುವುದು ಹೇಗೆಂದು ಅವಳಿಗೆ ಮರೆತೇಹೋಗಿತ್ತು.

"ಅಗಿ," ಎಂದಳು ಬಟಾಣಿ. "ಸಿಕ್ಕಾಕ್ಕೊಂಡ್ರೆ ಕಷ್ಟ. ನಿಂಗೆ ಟ್ಯೂಬಿಲ್ಲ."

ಉಪ್ಪಿನಕ್ಕನಿಗೆ ನಗು ಬಂತು, ನಗುವಿನ ಜೊತೆ ತುತ್ತೂ ಇಳಿಯಿತು. ಹೇಗಿದೆ ಎಂದು ಮಗಳು ಕೇಳಿದಳು. ಉಪ್ಪು ಜಾಸ್ತಿಯಾಗಿದೆ, ಇಷ್ಟು ದಿನ ಬಿಟ್ಟದ್ದಕ್ಕೆ ಮೂಗು ಮೊಂಡಾಗಿದೆ ಎಂದು ಅಮ್ಮ ಒಪ್ಪಿಕೊಂಡಳು. ಜಾಸ್ತಿ ಅಂದರೆ ಹೇಗಿರುತ್ತದೆ, ನಾಲಿಗೆಯ ತುದಿಗೋ ಹಿಂದಕ್ಕೋ, ಮೊಟ್ಟೆ ಮೆತ್ತಗಿದೆಯೋ ಗಟ್ಟಿಯೋ, ಈರುಳ್ಳಿ ಸಿಹಿಯೋ ಖಾರವೋ ಎಂದು ಬಟಾಣಿ ಒಂದೊಂದನ್ನೂ ಕೆದಕಿ ಕೇಳಿದಳು. ಉಪ್ಪಿನಕ್ಕ ತಿಳಿದಷ್ಟು ಹೇಳಿದಳು. ರುಚಿಯನ್ನು ಮಾತಿನಲ್ಲಿ ಬಡಿಸಬೇಕಾಗಿ ಬಂದದ್ದು ಅವಳಿಗೂ ಅದೇ ಮೊದಲು. ಆಮೇಲೆ ಅವಳಿಗೆ ಏನೋ ಹೊಳೆದು, ಬಚ್ಚಲಲ್ಲಿ ತಿನ್ನುವುದು ನಿನಗೆ ಹೇಗೆ ಗೊತ್ತಾಯಿತು, ನಲ್ಲಿ ಬಿಟ್ಟಿರುತ್ತಿದ್ದೆನಲ್ಲ ಎಂದು ಕೇಳಿದಳು.

"ನಲ್ಲಿ ಬಿಟ್ರೂ ಕೇಳುತ್ತೆ," ಎಂದಳು ಬಟಾಣಿ. "ನೀನು ಒಳಗೆ ಹೋದ್ಮೇಲೆ ನಾನು ದಿಂಬಿಂದ ಎದ್ದು ಬಂದು ಬಾಗಿಲ ಹತ್ರ ಕೂತ್ಕೋತಿದ್ದೆ. ಬಕೆಟ್ ಎತ್ತಿದ ಸದ್ದಾದ್ರೆ ಓಡಿಹೋಗಿ ಒರಗ್ತಿದ್ದೆ."

"ಯಾಕೆ ಬರ್ತಿದ್ದೆ?"

"ಒಬ್ಳೇ ತಿಂದ್ರೆ ಅದು ಊಟ ಅಲ್ಲ ಅಂತ ನೀನೇ ಅಲ್ವಾ ದೊಡ್ಡಮ್ಮಂಗೆ ಫೋನಲ್ಲಿ ಹೇಳ್ತಿದ್ದಿದ್ದು?"

ಸಿರಿಂಜಿನಲ್ಲಿದ್ದದ್ದು ಪೂರ್ತಿ ಇಳಿದಿತ್ತು. ನೀರು ಹಾಕಬೇಕೆಂಬುದು ಉಪ್ಪಿನಕ್ಕನಿಗೆ ನೆನಪಾಗಲಿಲ್ಲ, ಮಗಳೇ ಲೋಟವನ್ನು ಅವಳ ಕಡೆ ಸರಿಸಿದಳು. ನೀರು ಹಾಕಿ, ಟ್ಯೂಬಿನ ಬಾಯಿ ಮುಚ್ಚಿ, ದಿಂಬನ್ನು ಅಲ್ಲಿಗೇ ಎಳೆದು ಮಗಳನ್ನು ಒರಗಿಸಿದಳು. ತಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ನಾಳೆ ಉಪ್ಪು ಕಮ್ಮಿ ಹಾಕು ಎಂದಳು ಬಟಾಣಿ. ಆಗಲಿ ಎಂದು ಉಪ್ಪಿನಕ್ಕ ಮುಂದಿನ ತುತ್ತು ಎತ್ತಿಕೊಂಡಳು.